ನಗರದ ನೀರಿನಂಚಿಗೆ ಪುಟ್ಟ ಫಾಲಿ: ವಿನ್ಯಾಸ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನಗರದ ನಡುವೆ ಹರಿಯುವ ನದಿ, ಹಳೆಯ ತಡೆಗೋಡೆ, ಅದರ ಪಕ್ಕ ಆರು ಮೀಟರ್ ಉದ್ದಗಲದ ಜಾಗ. ಅಲ್ಲೊಂದು ಫಾಲಿ ಬೇಕು. ಅಂದರೆ ಇಂಥದ್ದೇ ಕೆಲಸಕ್ಕೆ ಅಂತಿಲ್ಲದೆ, ನೋಡುವ, ಹತ್ತಿ ಇಳಿಯುವ ಖುಷಿಗಾಗಿ ಕಟ್ಟುವ ಪುಟ್ಟ ಕಟ್ಟಡ. ಅಲೆ, ಹಾಯಿ, ದೋಣಿ ಬಿಟ್ಟು ಬೇರೆ ಆಕಾರ ಹೊಳೆಯುತ್ತಿಲ್ಲ ಅಂತ ಬರೆದಿದ್ದೀರಿ. ಅದಕ್ಕೆ ಏನಾದರೂ ಉಪಯೋಗ ಇರಲೇಬೇಕಾ ಅಂತಲೂ ಕೇಳಿದ್ದೀರಿ.

ಆಕಾರವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಮೊದಲು ನೀರಿನ ಮಟ್ಟ ತಿಳಿದುಕೊಳ್ಳಿ. ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ, ಸಾಮಾನ್ಯ ದಿನ ಎಲ್ಲಿರುತ್ತದೆ, ಪ್ರವಾಹ ಬಂದರೆ ಎಲ್ಲಿಯವರೆಗೆ ಏರುತ್ತದೆ. ಖಾಲಿ ಹಾಳೆಯಲ್ಲಿ ತಡೆಗೋಡೆಯ ಸೆಕ್ಷನ್, ಅಂದರೆ ಮೇಲಿಂದ ಕೆಳಕ್ಕೆ ಸೀಳಿದರೆ ಕಾಣುವ ಚಿತ್ರ, ಬರೆದು, ಈ ಮೂರು ಗೆರೆ ಎಳೆಯಿರಿ. ಆಮೇಲೆ ನಿಂತವರ ಕಣ್ಣು, ಕೂತವರ ಕಣ್ಣು ಎಲ್ಲಿ ಬರುತ್ತದೆ ಅಂತ ಗುರುತು ಮಾಡಿ. ನಗರದಲ್ಲಿ ನೀರು ಸಾಮಾನ್ಯವಾಗಿ ಗೋಡೆಯ ಕೆಳಗೆ ಎಲ್ಲೋ ಇರುತ್ತದೆ. ಜನ ಅದರ ಪಕ್ಕದಲ್ಲೇ ನಡೆದರೂ ಅದನ್ನು ನೋಡುವುದು ಕಡಿಮೆ. ಈ ದೂರವನ್ನು ಹೇಗೆ ಕಡಿಮೆ ಮಾಡುತ್ತೀರಿ ಅನ್ನುವುದೇ ನಿಮ್ಮ ಫಾಲಿಯ ವಿಷಯ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಉದಾಹರಣೆಗೆ, ಕೆಳಕ್ಕಿಳಿಯುವ ಮೆಟ್ಟಿಲು ಇಟ್ಟು, ಕೊನೆಯ ನಾಲ್ಕಾರು ಮೆಟ್ಟಿಲು ಮಳೆಗಾಲದಲ್ಲಿ ಮುಳುಗಲು ಬಿಟ್ಟರೆ, ನದಿ ಇವತ್ತು ಎಷ್ಟಿದೆ ಅಂತ ದಾರಿಹೋಕರಿಗೂ ಗೊತ್ತಾಗುತ್ತದೆ.

ಇದಕ್ಕೆ ನಾನು ಮತ್ತೆ ಮತ್ತೆ ನೋಡುವ ಉದಾಹರಣೆ ಇಟಲಿಯ ವಾಸ್ತುಶಿಲ್ಪಿ ಆಲ್ಡೋ ರೊಸ್ಸಿ ವೆನಿಸ್‌ಗೆ ಮಾಡಿದ ತೇಲುವ ರಂಗಮಂದಿರ, ಟಿಯಾಟ್ರೊ ಡೆಲ್ ಮೊಂಡೊ. 1979ರಲ್ಲಿ ಕಟ್ಟಿದ್ದು. ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಮೇಲೆ ಉಕ್ಕಿನ ಕೊಳವೆಗಳ ಚೌಕಟ್ಟು, ಹೊರಗೆ ಮರದ ಹಲಗೆ. ಆಕಾರ ಎಷ್ಟು ಸರಳ ಅಂದರೆ ಮಕ್ಕಳು ಬರೆಯುವ ಗೋಪುರದ ಹಾಗಿತ್ತು. ಅದರಲ್ಲಿ ಅಲೆಯೂ ಇರಲಿಲ್ಲ, ಹಾಯಿಯೂ ಇರಲಿಲ್ಲ. ಆದರೆ ಕಟ್ಟಡವೇ ನೀರಿನ ಜೊತೆ ಏರಿಳಿಯುತ್ತಿತ್ತು, ಕಿಟಕಿಯಾಚೆ ದೋಣಿಗಳು ಹಾದುಹೋಗುತ್ತಿದ್ದವು. ಆಮೇಲೆ ಅದನ್ನು ಸಮುದ್ರದ ಮೇಲೆ ಈಗಿನ ಕ್ರೊಯೇಷಿಯಾದ ಡುಬ್ರೊವ್ನಿಕ್‌ವರೆಗೂ ಎಳೆದುಕೊಂಡು ಹೋದರು. ಸರಳ ಆಕಾರಕ್ಕೆ ನೀರು ಎಷ್ಟೊಂದು ಕೊಡುತ್ತದೆ ನೋಡಿ.

ಫಾಲಿ ಅಂದ ಕೂಡಲೇ ಎಲ್ಲರೂ ಪ್ಯಾರಿಸ್‌ನ ಲಾ ವಿಲೆಟ್ ಪಾರ್ಕ್ ತೋರಿಸುತ್ತಾರೆ. 1982ರ ಸ್ಪರ್ಧೆಯಿಂದ ಹುಟ್ಟಿದ್ದು, ವಿನ್ಯಾಸ ವಾಸ್ತುಶಿಲ್ಪಿ ಬರ್ನಾರ್ಡ್ ಚುಮಿ ಅವರದು. 120 ಮೀಟರ್‌ಗೊಂದರಂತೆ ಕೆಂಪು ಫಾಲಿಗಳು, ಪ್ರತಿಯೊಂದೂ 10.8 ಮೀಟರ್ ಘನಾಕೃತಿಯನ್ನು ಕತ್ತರಿಸಿ ಮಾಡಿದ್ದು. ಅದ್ಭುತ ಕೆಲಸ. ಆದರೆ ನಿಮಗೆ ಅದು ಜಾಸ್ತಿ ಸಹಾಯ ಮಾಡುವುದಿಲ್ಲ. ಅಲ್ಲಿ ಒಂದು ಫಾಲಿಗೆ ಇನ್ನೊಂದು ಆಸರೆ. ದೊಡ್ಡ ಪಾರ್ಕಿನಲ್ಲಿ ಜನ ಅವುಗಳನ್ನೇ ಗುರುತಾಗಿಟ್ಟುಕೊಂಡು ಓಡಾಡುತ್ತಾರೆ. ನಿಮ್ಮದು ಒಂಟಿ. ಅದಕ್ಕೆ ಆಸರೆ ಅಂತ ಇರುವುದು ಗೋಡೆ ಮತ್ತು ನೀರು ಮಾತ್ರ.

ಗೋಡೆಯ ವಿಷಯಕ್ಕೆ ಬಂದಾಗ ದಯವಿಟ್ಟು ಅವಸರ ಬೇಡ. ಅದರ ಹಳೆಯ ಡ್ರಾಯಿಂಗ್ ಸಿಗುತ್ತದಾ ಅಂತ ಹುಡುಕಿ. ಕಲ್ಲಿನ ಗೋಡೆ ತನ್ನ ಭಾರದಿಂದಲೇ ಮಣ್ಣನ್ನು ತಡೆದು ನಿಂತಿರುತ್ತದೆ. ಅದರ ಹಿಂದೆ ನೀವು ಹೊಸ ಭಾರ ಹೇರಿದರೆ ಅದನ್ನು ನೀರಿನ ಕಡೆಗೆ ತಳ್ಳಿದಂತೆ. ಉಕ್ಕಿನ ಶೀಟ್ ಪೈಲ್ ಗೋಡೆಯಾದರೆ, ಅಂದರೆ ಉಕ್ಕಿನ ಹಾಳೆಗಳನ್ನು ಸಾಲಾಗಿ ನೆಲಕ್ಕೆ ಇಳಿಸಿ ಮಾಡಿದ್ದಾದರೆ, ಮಣ್ಣಿನೊಳಗೆ ಹಿಂದಕ್ಕೆ ಎಳೆದು ಕಟ್ಟಿದ ಉಕ್ಕಿನ ಸರಳುಗಳು (ಟೈ ರಾಡ್) ಇರಬಹುದು. ಗೊತ್ತಿಲ್ಲದೆ ಪೈಲ್ (ನೆಲದಾಳಕ್ಕೆ ಇಳಿಸುವ ಪಾಯದ ಕಂಬ) ಕೊರೆದು ಅವು ತುಂಡಾದರೆ ಗೋಡೆಗೇ ಅಪಾಯ. ಹಾಗಾಗಿ ಪಾಯವನ್ನು ಗೋಡೆಯಿಂದ ಹಿಂದಕ್ಕಿಟ್ಟು, ಭಾರವನ್ನು ಪೈಲ್ ಮೂಲಕ ಆಳಕ್ಕೆ ಇಳಿಸಿ, ನೀರಿನ ಕಡೆಗೆ ತೊಲೆ ಚಾಚುವುದು ನನಗೆ ಇಷ್ಟ. ಚಾಚಿದಷ್ಟೂ ಹಿಂದಿನ ತುದಿಯನ್ನು ಗಟ್ಟಿಯಾಗಿ ಹಿಡಿದಿಡಬೇಕು, ಅಲ್ವಾ? ಗಾಳಿ ಚಾವಣಿಯನ್ನು ಮೇಲಕ್ಕೆತ್ತುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸ್ಟ್ರಕ್ಚರಲ್ ಎಂಜಿನಿಯರ್ ಜೊತೆ ಈ ಮಾತು ಮೊದಲ ವಾರದಲ್ಲೇ ಆಗಲಿ.

ಇನ್ನು ರೇಲಿಂಗ್. ತುಂಬಾ ಡ್ರಾಯಿಂಗ್‌ಗಳು ಸೋಲುವುದು ಇಲ್ಲೇ. ಸಾಮಾನ್ಯವಾಗಿ 1.1 ಮೀಟರ್ ಎತ್ತರ ಬೇಕಾಗುತ್ತದೆ, ಮಕ್ಕಳು ನುಸುಳದ ಹಾಗೆ ಸಂದು 10 ಸೆಂಟಿಮೀಟರ್‌ಗಿಂತ ಕಡಿಮೆ ಇರಬೇಕು. ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ. ಆದರೆ ಬೆಂಚಿನ ಮೇಲೆ ಕೂತವರ ಕಣ್ಣು ಸುಮಾರು 1.2 ಮೀಟರ್‌ನಲ್ಲಿರುತ್ತದೆ. ಕೆಳಗಿನ ನೀರು ನೋಡೋಣ ಅಂದರೆ ರೇಲಿಂಗೇ ಅಡ್ಡ! ಅದಕ್ಕೇ ಕೂರುವ ಜಾಗವನ್ನು ಒಂದೆರಡು ಮೆಟ್ಟಿಲು ಎತ್ತರಿಸಿ. ಆದರೆ ಮಕ್ಕಳು ಅದರ ಮೇಲೆ ಹತ್ತಿ ರೇಲಿಂಗ್ ದಾಟದಷ್ಟು ದೂರ ಇಡಿ.

ಚಾವಣಿಯ ಒಳಮೈ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕಂದರೆ ಅಗ್ಗದಲ್ಲಿ ಸಿಗುವ ಅತಿ ದೊಡ್ಡ ಸೊಗಸು ಅದು. ಬಿಸಿಲು ನೀರಿಗೆ ಬಿದ್ದು ಚಿಮ್ಮಿದಾಗ ತಿಳಿ ಬಣ್ಣದ ಚಾವಣಿಯ ಅಡಿಯಲ್ಲಿ ಬೆಳಕು ಕುಣಿಯುತ್ತದೆ. ಸೂರ್ಯ ಕೆಳಗಿದ್ದಾಗ, ಅಂದರೆ ಬೆಳಿಗ್ಗೆ ಮತ್ತು ಸಂಜೆ, ಆ ಬೆಳಕು ಚಾವಣಿಯಡಿ ಇನ್ನೂ ಒಳಗೆ ಬರುತ್ತದೆ. ನಿಮ್ಮ ನದಿ ಯಾವ ದಿಕ್ಕಿಗಿದೆ ನೋಡಿ, ಆ ಕಡೆ ಕಂಬ ಕಡಿಮೆ ಮಾಡಿ. ಒಳಮೈಗೆ ದೀಪ, ಪೈಪು ಏನೂ ಅಂಟಿಸಬೇಡಿ.

ಸಾಮಗ್ರಿ: ಸಿಹಿನೀರಾದ್ದರಿಂದ ಗ್ಯಾಲ್ವನೈಸ್ಡ್ (ಸತುವಿನ ಲೇಪವಿರುವ) ಉಕ್ಕು ಸಾಕು. ಉಪ್ಪುನೀರಾಗಿದ್ದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅನ್ನುತ್ತಿದ್ದೆ. ಮರ ಪೂರ್ತಿ ಒಣಗಿದ್ದರೂ ಬಾಳುತ್ತದೆ, ಪೂರ್ತಿ ಮುಳುಗಿದ್ದರೂ ಬಾಳುತ್ತದೆ. ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಪಟ್ಟಿಯಲ್ಲೇ ಕೊಳೆಯುವುದು. ನೀವು ಎಳೆದ ಮೂರು ಗೆರೆಗಳಲ್ಲಿ ಆ ಪಟ್ಟಿ ಕಾಣುತ್ತದೆ. ಅಲ್ಲಿ ಕಲ್ಲು ಅಥವಾ ಕಾಂಕ್ರೀಟ್ ಇರಲಿ.

ಉಪಯೋಗ ಇರಲೇಬೇಕಾ? ಬೇಡ. ನೆರಳು, ಕೂರಲು ಅಂಚು, ನೀರಿನ ಹತ್ತಿರಕ್ಕೊಂದು ದಾರಿ ಇದ್ದರೆ ಸಾಕು. ಸುಮ್ನೆ ಅಂಗಡಿ, ಮಾಹಿತಿ ಕೇಂದ್ರ ಅಂತ ತುರುಕಬೇಡಿ. ಆರು ಮೀಟರ್ ಅದಕ್ಕೇ ಮುಗಿದುಹೋಗುತ್ತದೆ.

ನೀರಿನ ಮಟ್ಟದ ಅಂಕಿಗಳು ಸಿಕ್ಕ ಮೇಲೆ 1:50ರಲ್ಲಿ (ನಿಜ ಅಳತೆಯ ಐವತ್ತರಲ್ಲೊಂದು ಪಾಲಿಗೆ) ಒಂದು ಸೆಕ್ಷನ್ ಬರೆದು ಇಲ್ಲೇ ಹಾಕಿ. ನೋಡಿ ಖಂಡಿತ ಹೇಳುತ್ತೇನೆ.