ರಮ್ಮೂ ಅಲ್ಲ, ಕುಡಿದದ್ದೂ ಇಲ್ಲ

ಪ್ರಶ್ನೆ: ಟ್ರಫಾಲ್ಗರ್ ಸಮುದ್ರಯುದ್ಧದಲ್ಲಿ ಸತ್ತ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್‌ನ ಹೆಣವನ್ನು ರಮ್ ಪೀಪಾಯಿಯಲ್ಲಿಟ್ಟು ಊರಿಗೆ ತಂದರಂತೆ. ದಾರಿಯಲ್ಲಿ ನಾವಿಕರು ಆ ರಮ್ಮನ್ನೇ ಕುಡಿದು ಮುಗಿಸಿದರಂತೆ. ನಿಜವಾ ಸಾರ್?
— ಒಬ್ಬ ಓದುಗ, ಕುಂದಾಪುರ

ಉತ್ತರ: ಪೀಪಾಯಿ ನಿಜ. ಒಳಗಿದ್ದದ್ದು ಬ್ರಾಂಡಿ. ಕುಡಿದರು ಅನ್ನೋದು ಕಟ್ಟುಕತೆ. ನಾನು ಹಡಗಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯ ಎಂಜಿನಿಯರ್ ನನಗೂ ಇದೇ ಕತೆ ಹೇಳಿದ್ದರು. ಎಷ್ಟೋ ವರ್ಷ ನಂಬಿದ್ದೆ.

1805ರ ಅಕ್ಟೋಬರ್ 21. ಸ್ಪೇನ್ ಕರಾವಳಿ. ಬ್ರಿಟಿಷರ 27 ದೊಡ್ಡ ಯುದ್ಧನೌಕೆಗಳು, ಎದುರಿಗೆ ಫ್ರಾನ್ಸ್ ಮತ್ತು ಸ್ಪೇನಿನ 33. ಬ್ರಿಟಿಷರು ಒಂದೂ ಹಡಗು ಕಳೆದುಕೊಳ್ಳದೆ ಗೆದ್ದರು. ಆದರೆ ಮಧ್ಯಾಹ್ನವೇ ಫ್ರೆಂಚ್ ಹಡಗಿನಿಂದ ಬಂದ ಗುಂಡು ನೆಲ್ಸನ್‌ನ ಎಡಭುಜಕ್ಕೆ ಹೊಕ್ಕಿತ್ತು. ಸತ್ತ ನಾವಿಕರನ್ನು ಆಗ ಕಡಲಿಗೇ ಬಿಡುತ್ತಿದ್ದರು. ನನ್ನನ್ನು ಹಾಗೆ ಎಸೆಯಬೇಡಿ ಅಂತ ಆತ ಸಾಯುವ ಮೊದಲೇ ಕೇಳಿಕೊಂಡಿದ್ದ.

ಹಡಗಿನ ಡಾಕ್ಟರ್ ವಿಲಿಯಂ ಬೀಟಿ ಮುಂದಿನದ್ದನ್ನೆಲ್ಲ ಬರೆದಿಟ್ಟಿದ್ದಾನೆ. ಪೀಪಾಯಿಗೆ ಹಗಲು ರಾತ್ರಿ ಕಾವಲು. ಒಂದು ಸಂಜೆ ಒಳಗಿನ ಗಾಳಿಗೆ ಮುಚ್ಚಳ ಎದ್ದು, ಕಾವಲುಗಾರ ಬೆಚ್ಚಿಬಿದ್ದನಂತೆ. ಪಾಪ! ಜಿಬ್ರಾಲ್ಟರ್ ಮುಟ್ಟುವಷ್ಟರಲ್ಲಿ ಬ್ರಾಂಡಿ ಕಮ್ಮಿಯಾಗಿತ್ತು. ಹೆಣವೇ ಹೀರಿಕೊಂಡಿತ್ತು. ಅಲ್ಲಿ ಸ್ಪಿರಿಟ್ ತರಿಸಿ ಮತ್ತೆ ತುಂಬಿದರು. ನಾವಿಕರ ಮೇಲೆ ಅಪವಾದ ಬಂದದ್ದು ಇಲ್ಲಿಂದಲೇ ಅಂತ ನನ್ನ ಲೆಕ್ಕ.

ಶವಪೆಟ್ಟಿಗೆಯದ್ದೂ ಒಂದು ಕತೆ. ಅದರ ಮರ ಲೋರಿಯಾಂ ಎಂಬ ಫ್ರೆಂಚ್ ಹಡಗಿನ ಹಾಯಿಕಂಬದ್ದು. 1798ರಲ್ಲಿ ಈಜಿಪ್ಟಿನ ಕಡಲಲ್ಲಿ ನೆಲ್ಸನ್ ನಾಶ ಮಾಡಿದ ಹಡಗು ಅದು. ಆ ಸೋಲಿನಿಂದ ನೆಪೋಲಿಯನ್ ಈಜಿಪ್ಟಿನಲ್ಲೇ ಸಿಕ್ಕಿಕೊಂಡ. ಅಲ್ಲಿಂದಲೇ ನಮ್ಮ ಟಿಪ್ಪುವಿಗೆ ಪತ್ರ ಬರೆದ, ಪತ್ರ ತಲುಪಲಿಲ್ಲ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು.

ಲಂಡನ್ನಿನಲ್ಲಿ ನೆಲ್ಸನ್ ಕಂಬದ ಮೇಲಿದ್ದಾನೆ, ಗೊತ್ತೇ ಇದೆ. 50 ಮೀಟರ್‌ಗೂ ಜಾಸ್ತಿ ಎತ್ತರ, ಮುಖ ಕಾಣೋದಿಲ್ಲ. ನನಗೆ ಇಷ್ಟವಾದದ್ದು ಪೋರ್ಟ್ಸ್‌ಮತ್‌ನಲ್ಲಿರುವ ಅವನ ಹಡಗು ವಿಕ್ಟರಿ. ಬಿದ್ದ ಜಾಗದಲ್ಲಿ ಒಂದು ಸಣ್ಣ ಲೋಹದ ಫಲಕ ಇದೆ, ಅಷ್ಟೇ. ಪ್ರಾಣ ಬಿಟ್ಟ ಕೆಳ ಅಂತಸ್ತಿಗೆ ಇಳಿಯುವಾಗ ನನ್ನ ತಲೆ ತೊಲೆಗೆ ಬಡಿಯಿತು. ಅಷ್ಟು ತಗ್ಗು. ಗುಂಡಿನ ತೂತಿರುವ ಅವನ ಕೋಟು ಗ್ರೀನಿಚ್ ಮ್ಯೂಸಿಯಂನಲ್ಲಿದೆ.

ಇನ್ನೊಂದು ಮಾತು ಹೇಳದಿದ್ದರೆ ಸಮಾಧಾನವಿಲ್ಲ. ಯುದ್ಧದ ದಿನ ಬೆಳಿಗ್ಗೆಯೇ ಆತ, ತನ್ನ ಪ್ರಿಯೆ ಎಮ್ಮಾ ಹ್ಯಾಮಿಲ್ಟನ್ನಳನ್ನು ದೇಶ ನೋಡಿಕೊಳ್ಳಲಿ ಅಂತ ಬರೆದಿಟ್ಟಿದ್ದ. ಸರ್ಕಾರ ಅವನ ಅಣ್ಣನಿಗೆ ಪದವಿ, ಹಣ ಎಲ್ಲ ಕೊಟ್ಟಿತು. ಎಮ್ಮಾ 1815ರಲ್ಲಿ ಕ್ಯಾಲೆ ಊರಿನಲ್ಲಿ ಬಡತನದಲ್ಲೇ ಸತ್ತಳು.

ನಿಮ್ಮ ನಾವಿಕರ ವಿಷಯಕ್ಕೆ ಬಂದರೆ, ಅವರು ಕದ್ದದ್ದು ಬೇರೆ. 1806ರ ಜನವರಿ 9ರಂದು ಸೇಂಟ್ ಪಾಲ್ಸ್ ಚರ್ಚಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಹಡಗಿನ ಬಾವುಟವನ್ನು ಮಡಚಿ ಪೆಟ್ಟಿಗೆಯ ಜೊತೆ ಇಡಬೇಕಿತ್ತು. ವಿಕ್ಟರಿಯ ನಾವಿಕರು ಅದನ್ನು ಅಲ್ಲೇ ಹರಿದು, ನೆನಪಿಗೆ ಅಂತ ಒಂದೊಂದು ಚೂರು ಇಟ್ಟುಕೊಂಡರು.