10 ತಿಂಗಳ ಮಗು ಅಂಬೆಗಾಲಿಡದೆ ಕುಂಡಿಯ ಮೇಲೆ ಜಾರಿಕೊಂಡು ಹೋಗುತ್ತೆ. ತೊಂದರೆಯೇ?

ಸಾಮಾನ್ಯವಾಗಿ ಇಲ್ಲ. ಮಗು ಆಸರೆಯಿಲ್ಲದೆ ಚೆನ್ನಾಗಿ ಕೂರುತ್ತೆ, ಎರಡೂ ಕೈಕಾಲು ಬಳಸುತ್ತೆ ಅಂದರೆ ಅಂಬೆಗಾಲು ಇಡದಿದ್ದರೂ ಚಿಂತೆಯಿಲ್ಲ.

ಮಗುವಿಗೆ ಮೈಮೇಲಿನ ಹಿಡಿತ ಬರುವುದು ತಲೆಯಿಂದ ಕೆಳಕ್ಕೆ. ಮಿದುಳಿನಿಂದ ಹೊರಡುವ ನರಗಳಿಗೆ ವೈರಿನ ಹೊದಿಕೆಯ ಹಾಗೆ ಒಂದು ಕೊಬ್ಬಿನ ಪದರ ಕೂಡುತ್ತಾ ಹೋಗುತ್ತದೆ, ಸಂದೇಶ ಬೇಗ ಮುಟ್ಟುತ್ತದೆ. ಜೊತೆಗೆ ಸ್ನಾಯುಗಳೂ ಗಟ್ಟಿಯಾಗುತ್ತವೆ. ಅದಕ್ಕೇ ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಬೆನ್ನು, ಕೊನೆಗೆ ಸೊಂಟ, ಕಾಲು. ಅಂಬೆಗಾಲು ಈ ದಾರಿಯಲ್ಲಿ ಸಿಗುವ ಒಂದು ಓಡಾಟದ ರೀತಿ ಅಷ್ಟೇ. ನಿಮ್ಮ ಮಗುವನ್ನೇ ನೋಡಿ: ಒಂದು ಕೈ ನೆಲಕ್ಕೆ ಊರಿ, ಒಂದು ಕಾಲು ಮಡಚಿ, ಕುಂಡಿ ಎತ್ತಿ ಮುಂದೆ ಜಾರುತ್ತಿರಬೇಕು. ಇನ್ನೊಂದು ಕೈ ಖಾಲಿ, ಆಟಿಕೆ ಬಿಡಬೇಕಿಲ್ಲ ಅಲ್ವಾ!

ಭಾರತವೂ ಸೇರಿ 5 ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ ಶೇ. 4ರಷ್ಟು ಮಕ್ಕಳು ಮಂಡಿಯೂರಿ ಅಂಬೆಗಾಲಿಡಲೇ ಇಲ್ಲ. ಸ್ವಂತವಾಗಿ ನಡೆಯುವ ವಯಸ್ಸೂ ಸುಮಾರು 8ರಿಂದ 18 ತಿಂಗಳವರೆಗೆ ಹರಡಿತ್ತು. ಹೀಗೆ ಜಾರುವ ಮಕ್ಕಳು ಸ್ವಲ್ಪ ತಡವಾಗಿ ನಡೆಯುವುದುಂಟು.

ಆದರೆ ಯಾವಾಗಲೂ ಒಂದೇ ಪಕ್ಕದ ಕೈಕಾಲು ಎಳೆಯುತ್ತಿದ್ದರೆ, ಮೈ ತೀರಾ ಬಿಗಿ ಅಥವಾ ಸಡಿಲ ಅನಿಸಿದರೆ, ಕಲಿತದ್ದನ್ನು ಬಿಟ್ಟುಬಿಟ್ಟರೆ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ತಿಂಗಳು ಎಣಿಸಿ. ವಾಕರ್ ಮಾತ್ರ ದಯವಿಟ್ಟು ಬೇಡ, ಅದರಿಂದ ನಡಿಗೆ ಬೇಗ ಬರುವುದಿಲ್ಲ, ಬೀಳುವುದೇ ಜಾಸ್ತಿ.