ಕೇಳುವ ಮೊದಲೇ ಬ್ಯಾಗ್ ತೆರೆಯುತ್ತಿದ್ದ ಹುಡುಗಿ

ಇಂಥ ಪ್ರಕರಣ ನನಗೆ ಮೊದಲನೆಯದಲ್ಲ. ಕೊಡಗಿನ ವಿರಾಜಪೇಟೆ ಕಡೆಯ ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಗಳಿಗೆ ಮಾಲೀಕರು ಕೊಡುವ ಸಾಲು ಮನೆಯಲ್ಲಿ, ಬೆಳೆದ ಎರವ ಬುಡಕಟ್ಟಿನ ಹುಡುಗಿ. ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಾಳೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನಿದ್ದೆ ಬರಲ್ಲ, ಓದಿದ್ದು ತಲೆಗೆ ಹತ್ತಲ್ಲ ಅಂತ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದಳು.

ಮೊದಲೆರಡು ಭೇಟಿ ಪರೀಕ್ಷೆಯ ಮಾತಲ್ಲೇ ಮುಗಿದವು. ಮೂರನೇ ಸಲ ಕೂರುವ ಮೊದಲೇ ಬ್ಯಾಗಿನ ಜಿಪ್ ಎಳೆದು ನನ್ನ ಮೇಜಿನ ಮೇಲಿಟ್ಟಳು. ಹಿಂದೆಯೂ ಹೀಗೇ ಮಾಡಿದ್ದಳು, ನಾನು ಗಮನ ಕೊಟ್ಟಿರಲಿಲ್ಲ. "ಯಾಕಮ್ಮ?" ಅಂದೆ.

"ಅಭ್ಯಾಸ ಮೇಡಂ. ಹಾಸ್ಟೆಲ್‌ನಲ್ಲಿ ಏನು ಕಳೆದ್ರೂ ಮೊದಲು ನನ್ನ ಬ್ಯಾಗೇ ನೋಡ್ತಾರೆ. ಕೇಳೋಕೆ ಮುಂಚೆ ನಾನೇ ತೋರಿಸಿಬಿಟ್ರೆ ಅವಮಾನ ಕಮ್ಮಿ. ಕಾಫಿ ಕುಯ್ಲಿನಲ್ಲಿ ಅಮ್ಮನೂ ಗೇಟ್ ಹತ್ರ ಸೆರಗು ಕೊಡವಿ ತೋರಿಸ್ತಾರೆ."

ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ.

ಆತ್ಮವಿಶ್ವಾಸ ಬೆಳೆಸಿಕೋ ಅಂತ ನಾನು ಹೇಳಲಿಲ್ಲ. ಕೊರತೆ ಅವಳಲ್ಲಿರಲಿಲ್ಲ, ಅವಳು ಬೆಳೆದ ವ್ಯವಸ್ಥೆಯಲ್ಲಿತ್ತು. ಜೀತ ರದ್ದತಿ ಕಾನೂನು ಬಂದಿದ್ದು 1976ರಲ್ಲಿ. ಆದರೆ ಇವತ್ತಿಗೂ ಲೈನ್ ಮನೆ ಇರುವುದು ಮಾಲೀಕರ ಜಾಗದಲ್ಲಿ. ಎದುರು ಮಾತಾಡಿದರೆ ಸೂರೇ ಹೋಗಬಹುದು, ಅಲ್ವಾ? ಲೈನ್ ಮನೆ ಬಿಟ್ಟು ಕೊಡಗಿನದೇ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವರನ್ನು 2016ರ ಡಿಸೆಂಬರ್‌ನಲ್ಲಿ ಒಕ್ಕಲೆಬ್ಬಿಸಿದರು. ಆಗ ಇವಳು ಪುಟ್ಟ ಹುಡುಗಿ. ಕೇಳುವ ಮೊದಲೇ ಬಗ್ಗುವುದನ್ನು ಇಂಥ ಕಡೆ ಮಕ್ಕಳು ಬೇಗ ಕಲಿಯುತ್ತಾರೆ.

ನಾನು ಹೇಳಿದ್ದು ಇಷ್ಟು: ನೀನಾಗಿ ಬ್ಯಾಗ್ ತೆರೆಯಬೇಡ. ನೋಡುವುದಾದರೆ ಎಲ್ಲರದ್ದೂ ನೋಡಲಿ. ಯಾವ ತಾರೀಕು, ಯಾರು, ಏನಂದರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡು. ಧೈರ್ಯ ಬಂದಾಗ ಕಾಲೇಜಿಗೆ ಲಿಖಿತ ದೂರು ಕೊಡು. ತಾರತಮ್ಯದ ದೂರು ನೋಡುವುದಕ್ಕೆ ಕಾಲೇಜಿನಲ್ಲಿ ಒಬ್ಬ ಅಧಿಕಾರಿ ಇರಬೇಕು ಅಂತ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2012ರಲ್ಲೇ ನಿಯಮ ಮಾಡಿದೆ. ಪರಿಶಿಷ್ಟರ ಮೇಲಿನ ದೌರ್ಜನ್ಯಕ್ಕೆ 14566 ಸಹಾಯವಾಣಿಯೂ ಇದೆ.

"ಸುಮ್ನೆ ಹುಡುಗಿಯನ್ನ ಜಗಳಕ್ಕೆ ಎತ್ತಿಕಟ್ಟಿದ್ರಿ" ಅಂದರು ಪರಿಚಿತರೊಬ್ಬರು. ನಾನು ಒಪ್ಪಲ್ಲ. ನಿದ್ದೆಗಾಗಿ ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟಿದ್ದೇನೆ. ಅಷ್ಟಕ್ಕೇ ನಿಲ್ಲಿಸಿದ್ದರೆ, ತಪ್ಪು ನಿನ್ನದೇ ಅಂತ ನಾನೂ ಹೇಳಿದ ಹಾಗಾಗುತ್ತಿತ್ತು. ನಿಮ್ಮ ಹಾಸ್ಟೆಲ್‌ನಲ್ಲಿ, ತೋಟದಲ್ಲಿ, ಏನಾದರೂ ಕಳೆದಾಗ ಮೊದಲು ಯಾರ ಹೆಸರು ನೆನಪಾಗುತ್ತೆ ಅಂತ ದಯವಿಟ್ಟು ಒಮ್ಮೆ ಯೋಚಿಸಿ.

ಕಳೆದ ವಾರ ಬಂದಾಗ ಬ್ಯಾಗ್ ತೊಡೆಯ ಮೇಲಿತ್ತು, ಜಿಪ್ ಹಾಕಿತ್ತು. "ಎಲ್ಲರದ್ದೂ ನೋಡಿ ಅಂದೆ ಮೇಡಂ. ಧ್ವನಿ ನಡುಗಿಬಿಡ್ತು" ಅಂದಳು. ದೂರು ಇನ್ನೂ ಕೊಟ್ಟಿಲ್ಲ. ನೋಟ್‌ಬುಕ್ಕಿನಲ್ಲಿ 4 ಪುಟ ತುಂಬಿವೆ.